ಚರ್ಮದ ಋಣ

‘ಚರ್ಮ ಸುಲಿದು ಚಪ್ಪಲಿ ಮಾಡಿ ತೊಡಿಸಿದರೂ ತೀರದ ಋಣ’ ಎಂಬ ಮಾತು ನಮ್ಮಲ್ಲಿದೆ. ಹೆತ್ತವರ ಋಣವನ್ನು ಕುರಿತು ಹಿರಿಯರು ಆಡುವ ಮಾತದು. ಆದರೆ ಚರ್ಮವನ್ನೇ ಕಳೆದುಕೊಂಡ ಮಗುವಿಗೆ ಚರ್ಮ ಕೊಡುವವರು ಯಾರು?

1983ರಲ್ಲಿ ಈ ಪ್ರಶ್ನೆ ಅಮೆರಿಕದ ಬಾಸ್ಟನ್ ನಗರದ ವೈದ್ಯರ ಮುಂದೆ ನಿಂತಿತು. ದೇಹದ ಶೇ. 95ಕ್ಕೂ ಅಧಿಕ ಭಾಗ ಸುಟ್ಟಿದ್ದ ಇಬ್ಬರು ಪುಟ್ಟ ಸಹೋದರರನ್ನು ಅಲ್ಲಿಗೆ ಕರೆತರಲಾಗಿತ್ತು. ವಿಜ್ಞಾನಿ ಹೊವರ್ಡ್ ಗ್ರೀನ್ ಮತ್ತು ಸಂಗಡಿಗರು ಬಾಲಕರ ಮೈಯಲ್ಲಿ ಸುಡದೆ ಉಳಿದಿದ್ದ ಚರ್ಮದ ಸಣ್ಣ ತುಣುಕಿನಿಂದ ಜೀವಕೋಶಗಳನ್ನು ಬೇರ್ಪಡಿಸಿ, ಪ್ರಯೋಗಾಲಯದ ತಟ್ಟೆಗಳಲ್ಲಿ ಬೆಳೆಸಿದರು. ಅವರ ದೇಹದ ಅರ್ಧದಷ್ಟನ್ನು ಮುಚ್ಚಲು ಅದು ಸಾಕಾಯಿತು. ಇಬ್ಬರೂ ಬದುಕುಳಿದರು.

ಈ ಕಾರ್ಯದ ಹೆಜ್ಜೆಹೆಜ್ಜೆಗೂ ಕಿಣ್ವಗಳ ನೆರವಿದೆ. ಟ್ರಿಪ್ಸಿನ್ ಎಂಬ ಕಿಣ್ವ ಜೀವಕೋಶಗಳನ್ನು ಬಿಡಿಬಿಡಿಯಾಗಿಸುತ್ತದೆ. ಬೆಳೆದ ತೆಳುಹಾಳೆಯನ್ನು ಹರಿಯದಂತೆ ತಟ್ಟೆಯಿಂದ ಬಿಡಿಸಿಕೊಡುವುದು ಡಿಸ್ಪೇಸ್. ಚರ್ಮ ಬಲಿಯುತ್ತಿದ್ದಂತೆ ಅದರದೇ ಆದ ಟ್ರಾನ್ಸ್‌ಗ್ಲುಟಮಿನೇಸ್ ಕೆಲಸಕ್ಕಿಳಿದು, ಮೇಲ್ಪದರದ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು ಗಟ್ಟಿಕವಚವಾಗಿಸುತ್ತದೆ. ಹುಟ್ಟಿನಿಂದಲೇ ಈ ಕಿಣ್ವದಲ್ಲಿ ದೋಷವಿರುವ ಶಿಶುವಿನ ಮೈ ಮೀನಿನಂತೆ ಹುರುಪೆಗಟ್ಟುವುದುಂಟು. ಕಣ್ಣಿಗೆ ಕಾಣದ ಈ ನೇಯ್ಗೆಯನ್ನು ಅರಿತಾಗ ಸೃಷ್ಟಿಕರ್ತನಿಗೆ ತಲೆಬಾಗದಿರುವುದು ಕಷ್ಟ.

ವಿಜ್ಞಾನದ ಹೆಸರಿನಲ್ಲಿ ಭ್ರೂಣಗಳನ್ನು ನಾಶಮಾಡುವುದನ್ನು ಧರ್ಮಸಭೆ ವಿರೋಧಿಸುತ್ತದೆ. ಆದರೆ ಇಲ್ಲಿ ಯಾರ ಜೀವಕ್ಕೂ ಹಾನಿಯಿಲ್ಲ. ರೋಗಿಯ ಚರ್ಮವೇ ರೋಗಿಗೆ ಮದ್ದು. ದಾನಿಗೆ ಗಂಭೀರ ಹಾನಿಯಾಗದಂತೆ ಪಡೆದ ಇಂತಹ ಜೀವಕೋಶಗಳ ಬಳಕೆಯನ್ನು ರೋಮಿನ ‘ದಿಗ್ನಿತಾಸ್ ಪೆರ್ಸೋನೆ’ (2008) ದಾಖಲೆ ಒಪ್ಪಿಕೊಂಡಿದೆ.

ಆದರೂ ಒಂದು ಅಂಶವನ್ನು ನಾವು ಮರೆಯಬಾರದು. ತಟ್ಟೆಯಲ್ಲಿ ಚರ್ಮ ಬೆಳೆಯಲು ವಾರಗಳೇ ಬೇಕು. ಅಷ್ಟರವರೆಗೆ ಆ ಸಹೋದರರ ಗಾಯಗಳನ್ನು ಮುಚ್ಚಿ ಕಾಪಾಡಿದ್ದು ಮೃತರಿಂದ ಪಡೆದ ಚರ್ಮ! ಪ್ರಯೋಗಾಲಯದ ಸಾಧನೆಗೂ ಯಾರೋ ಅಪರಿಚಿತರ ದಾನವೇ ಆಸರೆಯಾಯಿತು.

ಅಡುಗೆಮನೆಯ ಬೆಂಕಿಗೆ ತಾಯಂದಿರು ಬಲಿಯಾಗುವ ಸುದ್ದಿ ನಮಗೆ ಹೊಸದಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆ. ಮರಣಾನಂತರ ಆರು ಗಂಟೆಗಳೊಳಗೆ ತೊಡೆ, ಬೆನ್ನುಗಳಿಂದ ತೆಳುಪದರವನ್ನಷ್ಟೇ ತೆಗೆಯುತ್ತಾರೆ. ದೇಹ ವಿಕಾರಗೊಳ್ಳುವುದಿಲ್ಲ, ಅಂತ್ಯಕ್ರಿಯೆಗೆ ಅಡ್ಡಿಯಿಲ್ಲ. ನೇತ್ರದಾನಕ್ಕೆ ಮುಂದಾಗುವ ನಾವು ಚರ್ಮದಾನವೆಂದರೆ ಹಿಂಜರಿಯುವುದೇಕೆ? ನೈತಿಕವಾಗಿ ಸಮ್ಮತವಾದ ಅಂಗದಾನವನ್ನು ಪೋಪ್ ಎರಡನೇ ಜಾನ್ ಪಾಲರು 1995ರ ತಮ್ಮ ‘ಎವಾಂಜೆಲಿಯುಂ ವೀತೆ’ ವಿಶ್ವಪತ್ರದಲ್ಲಿ ವಿಶೇಷವಾಗಿ ಶ್ಲಾಘಿಸಿದ್ದಾರೆ.

ಸಾವಿನ ಮನೆಯ ಗೋಳಿನ ನಡುವೆ ಇಂತಹ ನಿರ್ಧಾರ ಸುಲಭವಲ್ಲ. ಆದ್ದರಿಂದ ಇಂದು ಸಂಜೆಯ ಜಪಸರದ ಬಳಿಕ, ಮನೆಮಂದಿಯೆಲ್ಲ ಒಟ್ಟಿಗಿರುವಾಗಲೇ ಈ ಮಾತನ್ನು ಎತ್ತೋಣ. ಮಣ್ಣಿಗೆ ಮರಳುವ ದೇಹ, ಮರಳುವ ಮುನ್ನ ಒಂದು ಮಗುವಿನ ಮೈ ಮುಚ್ಚಲಿ.