ಪಿಸ್ತೂಲಿನ ಅಭ್ಯಾಸ ಮತ್ತು ವಿರೋಧೀ ಹಿಂಸೆಯ ನೆಪ

ಗೃಹಸ್ಥನಿಗೆ ವಿರೋಧೀ ಹಿಂಸೆ ಸರ್ವಥಾ ವರ್ಜ್ಯವಲ್ಲವೆಂಬ ಒಂದು ಮಾತನ್ನು ಹಿಡಿದುಕೊಂಡು ಕೆಲವರು ಬಹುದೂರ ನಡೆದುಬಿಟ್ಟಿದ್ದಾರೆ. ಆತ್ಮರಕ್ಷಣೆಗಾಗಿ ಆಯುಧವನ್ನು ಇಟ್ಟುಕೊಳ್ಳಬಹುದಾದರೆ ಅದನ್ನು ಚೆನ್ನಾಗಿ ಬಳಸಲು ಕಲಿಯುವುದು ತಪ್ಪಲ್ಲ; ಚೆನ್ನಾಗಿ ಬಳಸುವುದೆಂದರೆ ವೇಗವಾಗಿ ಬಳಸುವುದು; ಆದುದರಿಂದ ದಿನವೂ ಪಿಸ್ತೂಲನ್ನು ಒರೆಯಿಂದ ಸೆಳೆದು, ಗುರಿಯಿಟ್ಟು, ಸೆಕೆಂಡಿನ ಭಾಗಗಳನ್ನೆಣಿಸುತ್ತ ಕೈಯನ್ನು ಪಳಗಿಸುವುದು ಶ್ರಾವಕನಿಗೆ ವಿಹಿತವೇ ಆಗಿದೆ ಎಂಬುದು ಅವರ ವಾದಸರಣಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವವನಿಗೆ ತಾನು ಎಷ್ಟು ಕೆಳಗೆ ಬಂದೆನೆಂಬುದು ತಿಳಿಯುವುದಿಲ್ಲ. ಈ ವಾದದ ಮೊದಲ ಮೆಟ್ಟಿಲನ್ನು ಒಪ್ಪಿದರೂ ಕೊನೆಯದನ್ನು ಒಪ್ಪಲಾಗದೆಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಈ ಅಭ್ಯಾಸದ ತವರು ಅಮೆರಿಕ. ಮನೆಯಲ್ಲಿ ಕೈಬಂದೂಕನ್ನು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿತು. ಅದನ್ನು ಧರಿಸಿ ಹೊರಗೆ ಓಡಾಡುವುದೂ ಹಕ್ಕೆಂದು 2022ರಲ್ಲಿ ಸಾರಿತು. ಅಂಗಡಿ, ವಸತಿಗೃಹ, ಆಭರಣದ ವ್ಯಾಪಾರಗಳನ್ನು ನಡೆಸುತ್ತ ನಮ್ಮವರೂ ಅಲ್ಲಿ ಬಾಳುತ್ತಿದ್ದಾರೆ. ನೆರೆಹೊರೆಯ ಹವ್ಯಾಸ ಮನೆಯೊಳಗೆ ಬಾರದಿರುವುದು ಕಷ್ಟ. ಅವರ ಭಯವನ್ನು ಹಗುರವಾಗಿ ಕಾಣುವುದು ಉಚಿತವಲ್ಲ. ರಾತ್ರಿ ಹನ್ನೊಂದು ಗಂಟೆಗೆ ಒಂಟಿಯಾಗಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನ ಭಯ, ಬಸದಿಯ ಸಭಾಮಂಟಪದಲ್ಲಿ ಕುಳಿತು ಉಪದೇಶಿಸುವವನಿಗೆ ಅರ್ಥವಾಗುವಂಥದಲ್ಲ.

ಆದರೆ ಆ ಅಭ್ಯಾಸದ ಸ್ವರೂಪವೇನೆಂದು ನೋಡಬೇಕು. ಜೆಫ್ ಕೂಪರ್ ಎಂಬಾತ 1976ರಲ್ಲಿ ಅರಿಜೋನಾದಲ್ಲಿ ಪಿಸ್ತೂಲು ವಿದ್ಯೆಯ ಶಾಲೆಯೊಂದನ್ನು ತೆರೆದನು. ಅವನು ರೂಪಿಸಿದ 'ಎಲ್ ಪ್ರೆಸಿಡೆಂಟೆ' ಎಂಬ ಕಸರತ್ತಿನಲ್ಲಿ ಅಭ್ಯಾಸಿಯು ಮೂರು ಗುರಿಹಲಗೆಗಳಿಗೆ ಬೆನ್ನುಮಾಡಿ ನಿಂತಿರುತ್ತಾನೆ. ಸನ್ನೆಯಾದೊಡನೆ ತಿರುಗಿ, ಪಿಸ್ತೂಲನ್ನು ಸೆಳೆದು, ಒಂದೊಂದಕ್ಕೂ ಎರಡೆರಡು ಗುಂಡು ಹಾರಿಸಿ, ಮತ್ತೆ ಮದ್ದುಗುಂಡು ತುಂಬಿ, ಮತ್ತೆ ಎರಡೆರಡು ಹಾರಿಸಬೇಕು. ಇದಕ್ಕೆ ಹತ್ತು ಸೆಕೆಂಡಿನ ಕಾಲ. 'ಬಿಲ್ ಡ್ರಿಲ್' ಎಂಬುದರಲ್ಲಿ ಏಳು ಗಜದ ದೂರದಿಂದ ಆರು ಗುಂಡುಗಳನ್ನು ಒಂದೇ ಹಲಗೆಯ ನಡುಭಾಗಕ್ಕೆ ಸುರಿಯಬೇಕು. ನುರಿತವರು ಎರಡು ಸೆಕೆಂಡಿನ ಸುಮಾರಿಗೆ ಇದನ್ನು ಮುಗಿಸುತ್ತಾರೆ. ಮೊಜಾಂಬಿಕ್ ದೇಶದ ಯುದ್ಧದಿಂದ ಹೆಸರು ಪಡೆದ ಇನ್ನೊಂದರಲ್ಲಿ ಎದೆಗೆ ಎರಡು, ತಲೆಗೆ ಒಂದು. ಸನ್ನೆಯ ಸದ್ದು ಮಾಡಿ ಪ್ರತಿಯೊಂದು ಗುಂಡಿನ ಕಾಲವನ್ನು ಸೆಕೆಂಡಿನ ನೂರನೆಯ ಭಾಗದವರೆಗೆ ತೋರಿಸುವ ಯಂತ್ರವೂ ಉಂಟು. ಗುಂಡಿಲ್ಲದ ಬರಿಯ ಪಿಸ್ತೂಲಿನಿಂದ ಮನೆಯ ಗೋಡೆಗೆ ಗುರಿಯಿಟ್ಟು ನೂರಾರು ಬಾರಿ ಕುದುರೆ ಒತ್ತುವ ಪಾಠವೂ ಉಂಟು. ಅಭ್ಯಾಸಿಯ ಕೈ ಮನಸ್ಸಿನ ಅಪ್ಪಣೆಗೆ ಕಾಯದಂತಾಗಬೇಕು. ಇದನ್ನು ಅಭ್ಯಾಸದ ಫಲವೆಂದು ಅವರೇ ಹೇಳಿಕೊಳ್ಳುತ್ತಾರೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಜೀವಾಧಿಕರಣದ ಭೇದಗಳನ್ನು ಹೇಳುವಾಗ ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಎಣಿಸುತ್ತಾರೆ. ಇವನ್ನು ಮನ-ವಚನ-ಕಾಯಗಳೆಂಬ ಮೂರರಿಂದಲೂ, ಕೃತ-ಕಾರಿತ-ಅನುಮತಗಳೆಂಬ ಮೂರರಿಂದಲೂ, ಕ್ರೋಧಾದಿ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ ಮಣಿಗಳ ಸಂಖ್ಯೆಗೆ ಹಿರಿಯರು ಕೊಡುವ ಕಾರಣಗಳಲ್ಲಿ ಇದೂ ಒಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಶಬ್ದಗಳನ್ನು ಬಿಡಿಸುವ ಬಗೆಯನ್ನು ಗಮನಿಸಬೇಕು. ಪ್ರಮಾದವಶನಾದವನು ಪ್ರಾಣಘಾತಾದಿಗಳಿಗೆ ಮನಸ್ಸು ಕೊಟ್ಟು ಪ್ರಯತ್ನದ ಆವೇಶವನ್ನು ತಾಳುವುದು ಸಂರಂಭ. ಅದರ ಸಾಧನಗಳನ್ನು ಅಭ್ಯಾಸಕ್ಕೆ ತಂದುಕೊಳ್ಳುವುದು ಸಮಾರಂಭ. ಕಾರ್ಯಕ್ಕೆ ತೊಡಗುವುದು ಆರಂಭ. (ಟ್ರಸ್ಟುಗಳ ವಾರ್ಷಿಕ ಸಮಾರಂಭಗಳಲ್ಲಿ ಹಾರ ತೊಡುವ ಮಹನೀಯರಿಗೆ ಈ ಶಬ್ದದ ಶಾಸ್ತ್ರಾರ್ಥ ನೆನಪಿರಲಾರದು.) ಸಾಧನದ ಅಭ್ಯಾಸವೇ ಒಂದು ಆಸ್ರವದ್ವಾರವೆಂದು ಆಚಾರ್ಯರು ಇಷ್ಟು ಸ್ಪಷ್ಟವಾಗಿ ಹೇಳಿರುವಾಗ, 'ಬರಿಯ ಅಭ್ಯಾಸ, ಯಾರಿಗೂ ಪೆಟ್ಟಾಗಿಲ್ಲ' ಎಂಬ ಸಮಾಧಾನಕ್ಕೆ ಎಡೆಯೆಲ್ಲಿ? ಹಿಂಸೆಯನ್ನು ಮಾಡದೆಯೇ ಅದರ ಫಲವನ್ನುಣ್ಣುವವರುಂಟೆಂದು ಅಮೃತಚಂದ್ರಸೂರಿಗಳೂ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎಚ್ಚರಿಸಿದ್ದಾರೆ.

ಹಲಗೆಗೆ ಹೊಡೆದರೆ ಯಾವ ಜೀವ ಹೋಯಿತು ಎಂದು ಕೇಳುವವರು ಕನ್ನಡ ಜೈನರಾಗಿದ್ದರೆ ಅವರು ಯಶೋಧರ ಚರಿತೆಯನ್ನು ಮರೆತವರೆನ್ನಬೇಕು. ಜನ್ನನು 1209ರಲ್ಲಿ ಬರೆದ ಆ ಕಾವ್ಯದಲ್ಲಿ ಯಶೋಧರನು ಜೀವಂತ ಪ್ರಾಣಿಯನ್ನು ಕಡಿಯಲೊಲ್ಲನು. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಮಾತ್ರ ಕಡಿಯುತ್ತಾನೆ. ಹಿಟ್ಟಿಗೆ ನೋವಿಲ್ಲ, ರಕ್ತವಿಲ್ಲ. ಆದರೂ ತಾಯಿಮಗ ಇಬ್ಬರೂ ನವಿಲು, ನಾಯಿ ಮೊದಲಾದ ತಿರ್ಯಕ್ ಜನ್ಮಗಳಲ್ಲಿ ತೊಳಲಿದರು. ಒಂದೇ ಒಂದು ಹಿಟ್ಟಿನ ಕೋಳಿ, ಒಂದೇ ಒಂದು ಸಲ, ಅದೂ ಅಳುಕುತ್ತ ಎತ್ತಿದ ಕತ್ತಿ! ಈ ಕಸರತ್ತುಗಳ ಹಲಗೆಯಾದರೋ ತಲೆ, ಭುಜ, ಎದೆಗಳ ಆಕಾರವನ್ನು ಹೊತ್ತ ಮನುಷ್ಯಾಕೃತಿ. ಅದಕ್ಕೆ ಹೊಡೆಯುವುದು ದಿನಕ್ಕೆ ನೂರು ಸಲ. ಅಳುಕನ್ನು ಅಳಿಸುವುದೇ ಅಲ್ಲಿ ಗುರಿ. ದುಂಡು ವೃತ್ತಗಳ ಕಾಗದಕ್ಕೆ ಗುರಿಯಿಡುವ ಒಲಿಂಪಿಕ್ ಕ್ರೀಡೆಯ ಮಾತು ಬೇರೆ. ಅದಕ್ಕೂ ಪ್ರಶ್ನೆಗಳಿವೆ, ಆದರೆ ಅಲ್ಲಿ ಮನುಷ್ಯನ ಎದೆಯ ಕಲ್ಪನೆಯಿಲ್ಲ.

ಎದುರುಪಕ್ಷದ ಒಂದು ಮಾತು ಬಲವಾದದ್ದು. ಅದನ್ನು ಮುಚ್ಚಿಡುವುದು ಸಲ್ಲದು. ಅಭ್ಯಾಸವಿಲ್ಲದವನ ಗುಂಡು ದಾರಿಹೋಕನಿಗೆ ತಗಲುತ್ತದೆ, ಅಭ್ಯಾಸಿಯ ಗುಂಡು ಅಪರಾಧಿಗೆ ಮಾತ್ರ ತಗಲುತ್ತದೆ, ಆದುದರಿಂದ ಅಭ್ಯಾಸದಿಂದ ಹಿಂಸೆ ಕಡಿಮೆಯಾಗುತ್ತದೆ ಎಂಬುದು ಆ ಮಾತು. ನ್ಯೂಯಾರ್ಕ್ ಪೊಲೀಸರ ಬಗೆಗೆ ರ‍್ಯಾಂಡ್ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಎದುರಾಳಿಯೂ ಗುಂಡು ಹಾರಿಸುತ್ತಿದ್ದಾಗ ಅವರ ಗುಂಡುಗಳಲ್ಲಿ ಗುರಿ ಮುಟ್ಟಿದ್ದು ಶೇಕಡ 18 ಮಾತ್ರ. ಎದುರಾಳಿ ಗುಂಡು ಹಾರಿಸದಿದ್ದಾಗ ಶೇಕಡ 30. ಇದು ವೇತನ ಪಡೆದು ತರಬೇತಿ ಹೊಂದಿದವರ ಲೆಕ್ಕ. ಹಲಗೆಯ ಮುಂದಿನ ನಿಖರತೆ ಬೀದಿಗೆ ಬಂದಾಗ ಎಷ್ಟು ಉಳಿಯುತ್ತದೆಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಜಮಾಖರ್ಚು ಬಲ್ಲ ವರ್ತಕನು ಇಂಥ ವ್ಯಾಪಾರಕ್ಕೆ ಬಂಡವಾಳ ಹೂಡಲಾರನು.

ಗುರಿ ತಪ್ಪುವುದಕ್ಕಿಂತ ಘೋರವಾದದ್ದು, ಗುರಿಯೇ ತಪ್ಪಾಗಿರುವುದು. 1999ರ ಫೆಬ್ರವರಿಯಲ್ಲಿ ಅದೇ ನಗರದಲ್ಲಿ ಅಮಾದು ಡಿಯಾಲೊ ಎಂಬ ನಿರಾಯುಧ ಯುವಕನು ತನ್ನ ಮನೆಯ ಬಾಗಿಲಲ್ಲಿ ಹಣದ ಚೀಲವನ್ನು ಹೊರತೆಗೆದನು. ಅದನ್ನು ಪಿಸ್ತೂಲೆಂದು ಭಾವಿಸಿದ ನಾಲ್ವರು ಪೊಲೀಸರು 41 ಗುಂಡು ಹಾರಿಸಿದರು. 19 ಅವನಿಗೆ ತಗಲಿದವು. ಅವರ ಕೈಗಳಲ್ಲಿ ವೇಗಕ್ಕೆ ಕೊರತೆಯಿರಲಿಲ್ಲ. ಕೊರತೆಯಾದದ್ದು, ಅದು ಚೀಲವೋ ಆಯುಧವೋ ಎಂದು ತಿಳಿಯಲು ಬೇಕಾದ ಒಂದು ಕ್ಷಣ. ಸ್ಪರ್ಧೆಗಳಲ್ಲಿ ಹೊಡೆಯಬಾರದ ಹಲಗೆಗಳನ್ನೂ ನಿಲ್ಲಿಸುತ್ತಾರೆ, ಅವುಗಳಿಗೆ ಹೊಡೆದರೆ ಅಂಕ ಕಳೆಯುತ್ತಾರೆ ಎಂಬುದು ನಿಜ. ಆ ಹಲಗೆಗಳಿಗೆ ಬೇರೆ ಬಣ್ಣ ಬಳಿದಿರುತ್ತಾರೆ. ಕತ್ತಲಲ್ಲಿ ಬಾಗಿಲು ತಟ್ಟುವ ನೆರೆಯವನಾಗಲಿ, ತಡವಾಗಿ ಮನೆಗೆ ಬರುವ ಮಗನಾಗಲಿ ಬಣ್ಣ ಬಳಿದುಕೊಂಡು ಬರುವುದಿಲ್ಲ. ಮನೆಯೊಳಗಿನ ಪಿಸ್ತೂಲು ಯಾರ ಮೇಲೆ ತಿರುಗುತ್ತದೆಂಬುದೂ ವಿಚಾರಾರ್ಹ: 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತ 48,830 ಜನರಲ್ಲಿ 26,328 ಮಂದಿ ಆತ್ಮಹತ್ಯೆ ಮಾಡಿಕೊಂಡವರು.

ಮುನಿಗಳ ಆದಾನ-ನಿಕ್ಷೇಪಣ ಸಮಿತಿಯನ್ನು ಇಲ್ಲಿ ನೆನೆಯಬೇಕು. ಕಮಂಡಲುವನ್ನು ಎತ್ತಿಕೊಳ್ಳುವ ಮುನ್ನ ನೋಡಬೇಕು, ಪಿಂಛಿಯಿಂದ ಮೃದುವಾಗಿ ಒರಸಬೇಕು, ಆಮೇಲೆ ಎತ್ತಬೇಕು, ಇಡುವಾಗಲೂ ಹಾಗೆಯೇ. ಇದೂ ಕೈಯ ಅಭ್ಯಾಸವೇ. ನೋಟಕ್ಕೂ ಕ್ರಿಯೆಗೂ ನಡುವೆ ಒಂದು ಬಿಡುವನ್ನು ಬೆಳೆಸುವುದೇ ಇದರ ಉದ್ದೇಶ. ಗೃಹಸ್ಥನು ಇದನ್ನು ಪೂರ್ಣವಾಗಿ ಪಾಲಿಸಲಾರ. ಆದರೆ ತೊಟ್ಟಿಲಿನಿಂದ ಮಗುವನ್ನೆತ್ತುವಾಗ, ದೀಪ ಹಚ್ಚುವಾಗ, ನೀರು ಸೋಸುವಾಗ ನಮ್ಮ ಮನೆಗಳ ತಾಯಂದಿರ ಕೈಗಳಲ್ಲಿ ಅದರ ಛಾಯೆ ಇದ್ದೇ ಇದೆ. ಬೆಳಗ್ಗೆ ಸಾಮಾಯಿಕಕ್ಕೆ ಕುಳಿತು ಈ ಬಿಡುವನ್ನು ಬೆಳೆಸಿ, ಸಂಜೆ ಅದನ್ನೇ ಸೆಕೆಂಡಿನ ನೂರನೆಯ ಭಾಗದವರೆಗೆ ಕತ್ತರಿಸಿಹಾಕುವ ವಿದ್ಯೆಯನ್ನು ಕಲಿಯುವವನು ಎರಡರಲ್ಲಿ ಯಾವುದನ್ನು ನಿಜವಾಗಿ ಕಲಿಯುತ್ತಾನೆ? ಪರಾಮರ್ಶಿಸದೆ ಕ್ರಿಯೆಗೆ ತೊಡಗುವ ಅಸಮೀಕ್ಷ್ಯಾಧಿಕರಣವನ್ನು ಅನರ್ಥದಂಡವ್ರತದ ಅತಿಚಾರಗಳಲ್ಲಿ ಎಣಿಸಿದೆ. ಅತಿಚಾರವೆಂದರೆ ಅಕಸ್ಮಾತ್ತಾಗಿ ಆಗುವ ದೋಷ. ಅದನ್ನು ಗುರುಮುಖೇನ ಶುಲ್ಕ ತೆತ್ತು ಕಲಿಯುವುದಕ್ಕೆ ಏನೆನ್ನಬೇಕೋ!

ಕೊನೆಗೆ ಚಾವುಂಡರಾಯನ ಹೆಸರು ಬಂದೇ ಬರುತ್ತದೆ. ಗಂಗರ ಸೇನಾಪತಿಯಾದವನು, ಯುದ್ಧಗಳಲ್ಲಿ ಬಿರುದು ಪಡೆದವನು ಗೊಮ್ಮಟನನ್ನು ಕಡೆಸಲಿಲ್ಲವೇ ಎಂದು ಕೇಳುತ್ತಾರೆ. ಕಡೆಸಿದನು. ಅವನು ಖಡ್ಗ ಹಿಡಿದದ್ದು ರಾಜ್ಯದ ಹೊಣೆ ಹೊತ್ತು. ಒಡವೆಯ ಪೆಟ್ಟಿಗೆಯ ಕಾವಲಿಗಲ್ಲ. ವಿರೋಧೀ ಹಿಂಸೆಯೆಂಬ ವಿಭಾಗವೂ ತತ್ತ್ವಾರ್ಥಸೂತ್ರದಲ್ಲಿ ಬಂದದ್ದಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆ ಗೃಹಸ್ಥನ ಅಶಕ್ತಿಯನ್ನು ಕಂಡು ಏರ್ಪಟ್ಟ ವ್ಯವಸ್ಥೆ. ಅಶಕ್ತಿಗೆ ಕೊಟ್ಟ ವಿನಾಯಿತಿಯನ್ನು ಕರ್ತವ್ಯವೆಂದು ಬರೆದುಕೊಳ್ಳುವುದು, ಸಾಲಕ್ಕೆ ಸಿಕ್ಕ ಗಡುವನ್ನು ಲಾಭವೆಂದು ಲೆಕ್ಕಕ್ಕೆ ಹಿಡಿದಂತೆ. ಇರಲಿ, ಚಾವುಂಡರಾಯ ಬೆಟ್ಟದ ಮೇಲೆ ನಿಲ್ಲಿಸಿದ್ದು ಯಾರನ್ನು? ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಎರಡು ಕೈಗಳಿಂದ ಮೇಲೆತ್ತಿ, ನೆಲಕ್ಕಪ್ಪಳಿಸದೆ ಇಳಿಸಿದ ಬಾಹುಬಲಿಯನ್ನು. ಎತ್ತಿದ ಕೈಗೂ ಅಪ್ಪಳಿಸುವಿಕೆಗೂ ನಡುವೆ ಒಂದು ಕ್ಷಣವಿತ್ತು, ಆ ಕ್ಷಣದಲ್ಲಿ ವಿವೇಕ ಹುಟ್ಟಿತು. ಬಾಹುಬಲಿಯ ತೋಳುಗಳು ಇವರ ಶಾಲೆಯಲ್ಲಿ ಪಳಗಿದ್ದರೆ ಭರತನು ಬದುಕುತ್ತಿರಲಿಲ್ಲ, ವಿಂಧ್ಯಗಿರಿಯ ಬಂಡೆ ಬಂಡೆಯಾಗಿಯೇ ಇರುತ್ತಿತ್ತು.

ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯಂತೆ ಪರವಾನಗಿ ಪಡೆದ ವರ್ತಕರು ಕೆಲವರಿದ್ದಾರೆ. ಆಯುಧವನ್ನು ಅಪಾಯವಿಲ್ಲದೆ ಹಿಡಿಯುವ, ಗುಂಡು ತೆಗೆದು ಬೀಗ ಹಾಕಿಡುವ ತರಬೇತಿಗೆ 2016ರ ನಿಯಮಗಳು ಅವಕಾಶ ಮಾಡಿವೆ, ಅದಕ್ಕೆ ಆಕ್ಷೇಪವಿಲ್ಲ. ಅಗತ್ಯಕ್ಕಿಂತ ಹೆಚ್ಚಿನ ಕೇಡು ಮಾಡಲು ಆತ್ಮರಕ್ಷಣೆಯ ಹಕ್ಕು ಸಲ್ಲದೆಂದು ಹಿಂದಿನ ದಂಡಸಂಹಿತೆಯೂ ಹೇಳಿತ್ತು, 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಹೇಳುತ್ತದೆ. ಎಷ್ಟು ಅಗತ್ಯವೆಂದು ಅಳೆಯಲು ಲೌಕಿಕ ಕಾನೂನಿಗೂ ಆ ಒಂದು ಕ್ಷಣ ಬೇಕು. ಆಭರಣ ವ್ಯಾಪಾರಿಗಳಿಗೆಂದೇ ವಿಮೆಯಿದೆ. ಇಬ್ಬರ ಬೀಗದ ಕೈ ಕೂಡಿದರಷ್ಟೇ ತೆರೆಯುವ ತಿಜೋರಿಯಿದೆ. ಸಂಜೆಯೇ ನಗದನ್ನು ಬ್ಯಾಂಕಿಗೆ ಕಳುಹಿಸುವ ಕ್ರಮವಿದೆ. ಎದೆಗೆ ಆಯುಧ ಹಿಡಿದವನಿಗೆ ಪೆಟ್ಟಿಗೆಯನ್ನು ಕೊಟ್ಟುಬಿಡುವುದೂ ಒಂದು ಉಪಾಯ. ಪರಿಗ್ರಹ ಪರಿಮಾಣವ್ರತ ತೊಟ್ಟವನಿಗೆ ಅದು ಸಾಧ್ಯವಾಗದಿದ್ದರೆ ವ್ರತವಾದರೂ ಯಾತಕ್ಕೆ?

ಬಸದಿಗಳ ಟ್ರಸ್ಟುಗಳು ಈ ವಿಷಯದಲ್ಲಿ ತಮ್ಮ ಪಾಲನ್ನು ನೋಡಿಕೊಳ್ಳಬೇಕು. ಬಿಂಬಗಳ ರಕ್ಷಣೆ ಅವರ ಹೊಣೆ; ಗಟ್ಟಿ ಬಾಗಿಲು, ಎಚ್ಚರಿಕೆ ಗಂಟೆ, ಛಾಯಾಚಿತ್ರಸಹಿತ ದಾಖಲೆ, ರಾತ್ರಿಯ ಕಾವಲುಗಾರ ಇವೆಲ್ಲ ಬೇಕು. ಕಾವಲುಗಾರನಿಗೆ ಬಂದೂಕು ಕೊಡಿಸುವ ಠರಾವು ಸಭೆಗೆ ಬಂದಾಗ ಅದನ್ನು ಸೂಚಿಸುವವನು, ಅನುಮೋದಿಸುವವನು, ಸುಮ್ಮನೆ ಸಹಿ ಹಾಕುವವನು ಮೂವರೂ 108ರ ಲೆಕ್ಕದಲ್ಲಿ ತಮ್ಮ ತಮ್ಮ ಮಣಿ ಯಾವುದೆಂದು ಎಣಿಸಿಕೊಂಡು ಕೈ ಎತ್ತಲಿ. ಯುವಕರ ಶಿಬಿರಗಳಲ್ಲಿ ಆತ್ಮರಕ್ಷಣೆಯ ಹೆಸರಿನಿಂದ ಈ ವಿದ್ಯೆಗೆ ಜಾಗ ಕೇಳಿ ಬರುವವರಿಗೆ ಸಭಾಭವನದ ಬೀಗದ ಕೈಯನ್ನು ಕೊಡದಿರುವ ಅಧಿಕಾರವಂತೂ ಪ್ರತಿಯೊಂದು ಟ್ರಸ್ಟಿಗೂ ಇದೆ.