ಮೊದಲ ಕಿಕ್‌ಗೆ ಅವಸರ ಬೇಡ

ಪರೀಕ್ಷೆ ಮುಗಿಸಿ ಬೇಸಿಗೆ ರಜೆಗೆ ಅಜ್ಜಿಮನೆಗೆ ಹೋದ ಹುಡುಗರ ಕಣ್ಣಿಗೆ ಕೆಲವೊಮ್ಮೆ ಒಂದು ನಿಧಿ ಬೀಳುತ್ತದೆ. ಹಿತ್ತಲ ಕೊಟ್ಟಿಗೆಯಲ್ಲಿ, ಹಳೆಯ ಗೋಣಿಚೀಲಗಳ ಕೆಳಗೆ, ಗಾಳಿ ಹೋದ ಟೈರುಗಳ ಮೇಲೆ ನಿಂತ ಜಾವಾ ಮೋಟಾರ್ ಸೈಕಲ್. ‘ನಿಮ್ಮ ತಾತ ಓಡಿಸ್ತಿದ್ದ ಗಾಡಿ ಕಣೋ’ ಎನ್ನುತ್ತಾರೆ ಅಜ್ಜಿ. ಹುಡುಗ ಗೋಣಿ ಸರಿಸಿ, ಧೂಳು ಒರೆಸಿ, ನೇರವಾಗಿ ಕಿಕ್ಕರ್ ಮೇಲೆ ಕಾಲಿಡುತ್ತಾನೆ.

ಅಲ್ಲಿಗೇ ನಿಲ್ಲಬೇಕು. ಮೂವತ್ತು ವರ್ಷ ಮೂಲೆಯಲ್ಲಿ ನಿಂತೂ ಉಳಿದುಕೊಂಡ ಎಂಜಿನ್ನು ಹೊರಬಂದ ಮೊದಲ ಅರ್ಧ ಗಂಟೆಯಲ್ಲಿ ಕೆಟ್ಟುಹೋಗುವುದುಂಟು. ಕೆಟ್ಟರೆ ಬಿಡಿಭಾಗ ಸುಲಭಕ್ಕೆ ಸಿಗುವಂಥದಲ್ಲ. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಮೊದಲು ಜೆಕ್ ತಂತ್ರಜ್ಞಾನದ ಜಾವಾ, ಎಪ್ಪತ್ತರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳು ಅಲ್ಲಿಂದ ದೇಶಕ್ಕೆಲ್ಲ ಹೋದವು. 2018ರಲ್ಲಿ ಜಾವಾ ಹೆಸರು ಮತ್ತೆ ಬಂದಿತೇನೋ ನಿಜ. ಆದರೆ ಆ ಹೊಸ ಗಾಡಿಯದು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್. ಅದರ ಪಿಸ್ಟನ್ ತಾತನ ಗಾಡಿಗೆ ಆಗುವುದಿಲ್ಲ.

ಕಿಕ್ ಹೊಡೆದರೆ ಏನಾಗುತ್ತದೆ? ಪಿಸ್ಟನ್ನಿನ ಸುತ್ತ ತೆಳುವಾದ ರಿಂಗುಗಳಿರುತ್ತವೆ. ಗಾಡಿ ನಿಂತಲ್ಲೇ ನಿಂತಾಗ ಅವು ಸಿಲಿಂಡರಿನ ಗೋಡೆಗೆ ತುಕ್ಕಿನ ಮೂಲಕ ಅಂಟಿಕೊಳ್ಳುತ್ತವೆ. ಬಲವಾಗಿ ಒದ್ದರೆ ರಿಂಗು ಮುರಿಯಬಹುದು, ಗೋಡೆಯ ಮೇಲೆ ಗೀರು ಬೀಳಬಹುದು. ಟೂ ಸ್ಟ್ರೋಕ್ ಎಂಜಿನ್ನಿನ ಸಿಲಿಂಡರ್ ಗೋಡೆಯಲ್ಲೇ ಅನಿಲ ಹೋಗಿಬರುವ ಕಿಂಡಿಗಳಿರುವುದರಿಂದ ಮುರಿದ ಚೂರು ಅಲ್ಲಿ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಆದ್ದರಿಂದ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಸ್ವಲ್ಪ ಡೀಸೆಲ್ ಬೆರೆಸಿದ ಎಣ್ಣೆ ಬಿಟ್ಟು ಎರಡು ಮೂರು ದಿನ ಸುಮ್ಮನಿರಬೇಕು. (ಸುಮ್ಮನಿರುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ!) ಆಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗಿದರೆ ಪಿಸ್ಟನ್ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಮತ್ತೆ ಎಣ್ಣೆ, ಮತ್ತೆರಡು ದಿನ.

ಈ ನಡುವೆ ಟ್ಯಾಂಕ್ ನೋಡಬಹುದು. ಮುಚ್ಚಳ ತೆಗೆದರೆ ಹಳೆಯ ವಾರ್ನಿಷಿನಂಥ ವಾಸನೆ. ಪೆಟ್ರೋಲಿನ ಹಗುರ ಅಂಶಗಳೆಲ್ಲ ಆವಿಯಾಗಿ, ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟಾಗಿರುತ್ತದೆ. ಒಳಗೆ ಕೆಂಪು ತುಕ್ಕು. ಅಜ್ಜಿ ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಉಜ್ಜುವುದೇಕೆ ಎಂದು ತಿಳಿದವರಿಗೆ ಇಲ್ಲಿ ಹೊಸದೇನಿಲ್ಲ. ಆಮ್ಲವು ಲೋಹದ ಆಕ್ಸೈಡನ್ನು ಕರಗಿಸುತ್ತದೆ. ಹಳೆಯ ಪೆಟ್ರೋಲನ್ನೆಲ್ಲ ಬಸಿದ ಮೇಲೆ ನಿಂಬೆ ಉಪ್ಪಿನ ನೀರು ತುಂಬಿ ಒಂದು ದಿನ ಇಟ್ಟು, ಒಂದು ಹಿಡಿ ನಟ್ಟುಗಳನ್ನು ಹಾಕಿ ಕುಲುಕಿದರೆ ತುಕ್ಕು ಬಿಡುತ್ತದೆ. ನಂತರ ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ, ಎಣ್ಣೆ ಸವರಬೇಕು. ತಡಮಾಡಿದರೆ ಮರುದಿನವೇ ಹೊಸ ತುಕ್ಕು. ಒಂದು ಎಚ್ಚರಿಕೆ: ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ, ಒಳಗೆ ಆವಿ ತುಂಬಿರುತ್ತದೆ. ಹತ್ತಿರ ಬೆಂಕಿಕಡ್ಡಿಯೂ ಕೂಡದು, ವೆಲ್ಡಿಂಗೂ ಕೂಡದು.

ಕಾರ್ಬ್ಯುರೇಟರಿನ ಜೆಟ್ಟಿನಲ್ಲಿರುವ ತೂತು ಒಂದು ಮಿಲಿಮೀಟರಿಗಿಂತ ಚಿಕ್ಕದು. ಅದು ಕಟ್ಟಿಕೊಂಡಿದ್ದರೆ ಸೇಫ್ಟಿ ಪಿನ್ ತೂರಿಸುವ ಆಸೆ ಎಲ್ಲರಿಗೂ ಬರುತ್ತದೆ. ಹಿತ್ತಾಳೆ ಮೆತ್ತಗಿನ ಲೋಹ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಗಾಳಿ ಮತ್ತು ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ಪೆಟ್ರೋಲಿನಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದರೆ ಸಾಕು. ಪಾಯಿಂಟುಗಳನ್ನು ನಯವಾದ ಎಮರಿ ಕಾಗದದಲ್ಲಿ ಒರೆಸಿ, ಅಂತರ 0.4 ಮಿ.ಮೀ. ಇರುವಂತೆ ಕೂಡಿಸಬೇಕು. ಈ ಗಾಡಿಯದು 6 ವೋಲ್ಟಿನ ವ್ಯವಸ್ಥೆ. ಅಂಗಡಿಯವನು 12 ವೋಲ್ಟಿನ ಬ್ಯಾಟರಿ ಕೊಟ್ಟನೆಂದು ಜೋಡಿಸಿದರೆ ಬಲ್ಬುಗಳು ಸುಟ್ಟುಹೋಗುತ್ತವೆ.

ಹೊರಗೆ ಕಾಣದ ಶತ್ರು ಆಯಿಲ್ ಸೀಲು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ ಮೇಲಕ್ಕೆ ಹೋಗುತ್ತದೆ. ಆ ಕೋಣೆಗೆ ಗಾಳಿ ನುಸುಳಬಾರದು. ದಶಕಗಳಲ್ಲಿ ರಬ್ಬರು ಗಟ್ಟಿಯಾಗಿ ಸೀಲು ಬಿರುಕು ಬಿಟ್ಟಿದ್ದರೆ, ಒಂದು ಕಡೆಯಿಂದ ಹೆಚ್ಚುವರಿ ಗಾಳಿ ಸೇರಿ ಎಂಜಿನ್ ಮಿತಿಮೀರಿ ಬಿಸಿಯಾಗುತ್ತದೆ. ಕ್ಲಚ್ಚಿನ ಕಡೆಯಿಂದಾದರೆ ಗೇರ್ ಬಾಕ್ಸಿನ ಎಣ್ಣೆಯನ್ನೇ ಒಳಗೆಳೆದುಕೊಂಡು ಬೀದಿ ತುಂಬ ಬಿಳಿ ಹೊಗೆ. ಸೀಲಿನ ಬೆಲೆ ದೊಡ್ಡದಲ್ಲ. ಆದರೆ ಕೆಲವನ್ನು ಬದಲಿಸಲು ಎಂಜಿನ್ನನ್ನೇ ಬಿಚ್ಚಬೇಕು. ಇದು ಹಳೆಯ ಮೆಕ್ಯಾನಿಕ್ ಕೈಗೆ ಕೊಡಬೇಕಾದ ಕೆಲಸ. ಮೈಸೂರು, ಬೆಂಗಳೂರುಗಳಲ್ಲಿ ಜಾವಾ ಬಲ್ಲ ಮೇಸ್ತ್ರಿಗಳು ಇನ್ನೂ ಇದ್ದಾರೆ. ಹುಡುಗ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ಕುಳಿತರೆ, ಪಿಯುಸಿ ಭೌತಶಾಸ್ತ್ರದ ಒಂದು ಅಧ್ಯಾಯ ಅಂಗೈ ಮಸಿಯೊಡನೆ ಅಂಟಿಕೊಳ್ಳುತ್ತದೆ. ಅಂಕ ಹೆಚ್ಚುತ್ತದೆಯೇ ಎಂದು ಅಪ್ಪ ಕೇಳಿದರೆ ಉತ್ತರ ಹೇಳುವುದು ಕಷ್ಟ.

ಬಣ್ಣ ಬಳಿಸುವುದನ್ನು ಕೊನೆಗೆ ಇಟ್ಟುಕೊಂಡವರೇ ಜಾಣರು. ಅನೇಕರು ಮೆರೂನ್ ಬಣ್ಣ, ಹೊಳೆಯುವ ಕ್ರೋಮ್ ಎಂದು ಅಲ್ಲಿಂದಲೇ ಶುರುಮಾಡಿ, ದುಡ್ಡು ಮುಗಿದ ಮೇಲೆ ಬ್ರೇಕಿನ ಕಡೆ ನೋಡುತ್ತಾರೆ. ಹೆತ್ತವರು ಪಟ್ಟುಹಿಡಿಯಬೇಕಾದ ಜಾಗ ಇದು. ಟೈರಿನಲ್ಲಿ ಗುಂಡಿಗಳು ಆಳವಾಗಿಯೇ ಕಂಡರೂ ಪಕ್ಕದಲ್ಲಿ ಸೀಳು ಬಿಟ್ಟಿದ್ದರೆ ಎಸೆಯಲೇಬೇಕು. ಬ್ರೇಕ್ ಶೂ ಮೇಲಿನ ಲೈನಿಂಗ್ ಕೈಯಲ್ಲಿ ಎಬ್ಬಿಸಿದರೆ ಏಳುವಂತಿದ್ದರೆ ಅದೂ ಹೊಸದಾಗಬೇಕು. ಕೇಬಲ್ಲುಗಳೂ ಅಷ್ಟೇ.

ಕಾಗದಪತ್ರದ ವಿಷಯ ಬೇಗ ಮುಗಿಯುವಂಥದಲ್ಲ. ನೋಂದಣಿಯ ಅವಧಿ 15 ವರ್ಷ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ತಾತ ತೀರಿಕೊಂಡಿದ್ದರೆ ಆರ್.ಸಿ. ವಾರಸುದಾರರ ಹೆಸರಿಗೆ ಬರಬೇಕು. ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ 2021ರ ಕೇಂದ್ರ ನಿಯಮದಂತೆ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ಇದೆ. ಅದನ್ನು ಪಡೆದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಒಯ್ಯಬಹುದೇ ಹೊರತು ದಿನಾ ಕಾಲೇಜಿಗೆ ಅಲ್ಲ. ಹದಿನೆಂಟು ತುಂಬದವರು ಗೇರ್ ಗಾಡಿಯನ್ನು ರಸ್ತೆಗೆ ಇಳಿಸುವಂತೆಯೇ ಇಲ್ಲ.

ಎಲ್ಲ ಮುಗಿದ ದಿನ ಹೊಸ ಪೆಟ್ರೋಲಿಗೆ ಲೀಟರಿಗೆ ಸುಮಾರು 40 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆ ಬೆರೆಸಬೇಕು. ಬಂಕಿನ ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಸೀಜ್ ಆಗುತ್ತದೆ. ಗಾಡಿಯನ್ನು ಅಂಗಳಕ್ಕೆ ತರಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಚಾಲೂ ಮಾಡಿದರೆ ವಿಷಾನಿಲ ತುಂಬುತ್ತದೆ. ಈಗ ಒದೆಯಬಹುದು. ಹಿಂದೆ ಬಿಟ್ಟ ಎಣ್ಣೆಯೆಲ್ಲ ಉರಿದು ಎರಡು ಕೊಳವೆಗಳಿಂದಲೂ ಹೊಗೆ ಏಳುತ್ತದೆ, ಗಾಬರಿ ಬೇಡ. ಒದ್ದ ಕಿಕ್ಕರನ್ನೇ ಒಳಗೊತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರಿನ ಲಿವರು. ಇದು ಹೊಸ ಹುಡುಗರಿಗೆ ಗೊತ್ತಿರುವುದಿಲ್ಲ, ಮನೆಯ ಹಿರಿಯರನ್ನು ಕೇಳಬೇಕು. ಮೊದಲ ಸಲ ಎರಡು ನಿಮಿಷ ಸಾಕು. ಇಂದಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುವುದರಿಂದ ಅದು ತೇವ ಹೀರುತ್ತದೆ, ಹಳೆಯ ರಬ್ಬರನ್ನೂ ತಿನ್ನುತ್ತದೆ. ಹಾಗಾಗಿ ಪ್ರತಿ ಸಲ ನಿಲ್ಲಿಸುವ ಮುನ್ನ ಪೆಟ್ರೋಲ್ ನಲ್ಲಿ ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಖಾಲಿಯಾಗಿ ಎಂಜಿನ್ ತಾನಾಗಿ ನಿಲ್ಲಲು ಬಿಡಬೇಕು.