ಕ್ಯಾರಿಯರ್ ಇಲ್ಲದ ಸೈಕಲ್ಲು

(ಅಂತಿಮ ಬಿ. ಎ. ವಿದ್ಯಾರ್ಥಿ)

ಕಾಲೇಜಿನ ವಾರ್ಷಿಕ ಸಂಚಿಕೆಗೆ ಸೈಕಲ್ಲನ್ನು ಕುರಿತ ಲೇಖನವೇ ಎಂದು ಮೂಗು ಮುರಿಯುವ ವಾಚಕರು ಇರಬಹುದು. ಷೆಲ್ಲಿಯನ್ನೋ ಸರ್ವಜ್ಞನನ್ನೋ ಕುರಿತು ಬರೆಯಬಲ್ಲ ಮಿತ್ರರು ನಮ್ಮಲ್ಲಿ ಸಾಕಷ್ಟು ಮಂದಿ ಇರುವುದರಿಂದ, ನಾನು ಬಲ್ಲ ವಿಷಯವನ್ನು ಬರೆಯುವುದೇ ಲೇಸೆಂದು ತಿಳಿದಿದ್ದೇನೆ.

ಈಚೆಗೆ ನಮ್ಮಲ್ಲಿ ಕೆಲವರಿಗೆ ಮಣ್ಣಿನ ದಿಬ್ಬದಿಂದ ಸೈಕಲ್ಲನ್ನು ಜಿಗಿಸುವ ಹುಚ್ಚು ಹತ್ತಿದೆ. ಈ ಆಟ ಹುಟ್ಟಿದ್ದು ೧೯೭೦ರ ಸುಮಾರಿನಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಮಣ್ಣಿನಲ್ಲಿ ಮೋಟಾರ್‌ಸೈಕಲ್ ಹಾರಿಸುವ ಪಂದ್ಯಗಳನ್ನು ಕಂಡ ಹುಡುಗರು ತಮ್ಮ ಸಣ್ಣ ಸೈಕಲ್ಲುಗಳಿಂದ ಅದನ್ನು ಅನುಕರಿಸಿದರು. ಅದರಿಂದ ಬೆಳೆದ ಬಿ.ಎಂ.ಎಕ್ಸ್. ಪಂದ್ಯವು ೨೦೦೮ರಲ್ಲಿ ಬೀಜಿಂಗ್ ಒಲಿಂಪಿಕ್ಸಿಗೇ ಸೇರಿತು. ಪೋರರ ಆಟವೆಂದು ಹಳಿಯುವವರಿಗೆ ಇಷ್ಟು ಉತ್ತರ ಸಾಕು.

ಹುಚ್ಚೇನೋ ಸರಿ, ಆದರೆ ಅದಕ್ಕೆ ಕೊಳ್ಳುವ ಸೈಕಲ್ಲು ಯಾವುದು? ಇಲ್ಲಿಯೇ ನನಗೆ ನನ್ನ ಗೆಳೆಯರೊಡನೆ ಭಿನ್ನಾಭಿಪ್ರಾಯ. ಪೇಟೆಯಲ್ಲಿ ಇಪ್ಪತ್ತೊಂದು ಗೇರು, ಹಿಂದೊಂದು ಮುಂದೊಂದು ಸ್ಪ್ರಿಂಗು, ಮೈತುಂಬ ಬಣ್ಣದ ಬರಹ ಇರುವ ಸೈಕಲ್ಲು ಅಗ್ಗದಲ್ಲಿ ಸಿಗುತ್ತದೆ. ನೋಡಲು ಮದುವಣಿಗನಂತಿರುತ್ತದೆ. ಅಂಥದನ್ನು ಜಿಗಿಸಲು ಕೊಳ್ಳಲೇಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ. ಜಿಗಿದು ಇಳಿಯುವಾಗ ಸವಾರನ ಭಾರ ಹಲವು ಮಡಿಯಾಗಿ ಹ್ಯಾಂಡಲ್ಲಿನ ಬುಡದ ಬೆಸುಗೆಯ ಮೇಲೂ ಫೋರ್ಕಿನ ಮೇಲೂ ಬೀಳುತ್ತದೆ. ಆ ಬೆಸುಗೆ ಬಿಟ್ಟರೆ ಮುಂದಿನ ಚಕ್ರವೊಂದು ಕಡೆ, ಸವಾರನೊಂದು ಕಡೆ. ನಮ್ಮಂಥವರ ಮನೆಯಲ್ಲಿ ಕೈ ಮುರಿದರೆ ಆಸ್ಪತ್ರೆಯ ಖರ್ಚಷ್ಟೇ ಅಲ್ಲ, ಸುಗ್ಗಿಯಲ್ಲಿ ಒಂದು ಆಳು ಕಡಿಮೆಯಾದಂತೆ. ಆದುದರಿಂದ ಕೊಳ್ಳುವ ಮೊದಲು ಸೈಕಲ್ಲಿನ ಕೈಪಿಡಿಯನ್ನು ಓದಬೇಕು. ಅನೇಕ ಕಂಪನಿಗಳು ಒಂದರಿಂದ ಐದರವರೆಗೆ ದರ್ಜೆ ಕೊಟ್ಟಿರುತ್ತವೆ. ಎರಡನೆಯ ದರ್ಜೆಯದು ಸುಮಾರು ೧೫ ಸೆಂಟಿಮೀಟರಿಗಿಂತ, ಮೂರನೆಯದು ೬೧ ಸೆಂಟಿಮೀಟರಿಗಿಂತ ಹೆಚ್ಚು ಎತ್ತರದಿಂದ ಬೀಳುವುದಕ್ಕೆ ತಕ್ಕುದಲ್ಲ. ಎದೆಮಟ್ಟದ ದಿಬ್ಬ ಹಾರುವವನಿಗೆ ಐದನೆಯದೇ ಬೇಕು.

ಇನ್ನು ಪಂಪ್ ಟ್ರ್ಯಾಕ್ ಎಂಬುದಿದೆ. ಸಾಲಾಗಿ ದಿಬ್ಬಗಳು, ತಿರುವುಗಳಲ್ಲಿ ವಾರೆಯಾದ ಗೋಡೆಗಳು. ಪೆಡಲ್ ತುಳಿಯದೆಯೇ ಅದನ್ನು ಸುತ್ತಬೇಕು. ಇದು ಸಾಧ್ಯವೆ ಎಂದು ಕೇಳುವವರು ನಾಗರಪಂಚಮಿಯಂದು ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯನ್ನು ನೆನೆಯಲಿ. ನಿಂತು ಜೀಕುವ ಹುಡುಗಿ ಮೊಣಕಾಲು ಮಡಿಸಿ ಚಾಚಿ, ಯಾರೂ ನೂಕದಿದ್ದರೂ ಕೊಂಬೆಯ ಎತ್ತರಕ್ಕೆ ಹೋಗುತ್ತಾಳಲ್ಲವೆ? ಪಂಪ್ ಎಂದರೆ ಜೀಕುವುದೇ. ದಿಬ್ಬ ಏರುವಾಗ ಮೈ ಹಗುರ ಮಾಡಿ, ಇಳಿಯುವಾಗ ಕೈಕಾಲುಗಳಿಂದ ಒತ್ತಬೇಕು. ಆ ಒತ್ತೇ ವೇಗವಾಗುತ್ತದೆ. ಈಗ ವಿಚಾರ ಮಾಡಿ: ಹಿಂದೆ ಸ್ಪ್ರಿಂಗಿದ್ದರೆ ನಾವು ಒತ್ತಿದ್ದೆಲ್ಲವನ್ನೂ ಅದೇ ನುಂಗಿಬಿಡುವುದು. ರಬ್ಬರಿನ ಹಗ್ಗಕ್ಕೆ ಜೋಕಾಲಿ ಕಟ್ಟಿದವರುಂಟೆ?

ಇದಕ್ಕೆಂದೇ ಮಾಡಿದ ಡರ್ಟ್ ಜಂಪ್ ಸೈಕಲ್ಲು ಬಹು ಸರಳವಾದದ್ದು. ೨೬ ಅಂಗುಲದ ಚಕ್ರ, ತಗ್ಗಾದ ಸೀಟು, ಹಿಂಬದಿ ಗಿಡ್ಡವಾದ ಫ್ರೇಮು, ಮುಂದೆ ೧೦೦ ಮಿಲಿಮೀಟರಿನಷ್ಟು ಆಡುವ ಬಿರುಸಾದ ಫೋರ್ಕು, ಒಂದೇ ಗೇರು. ಬಹುಮಟ್ಟಿಗೆ ಒಂದೇ ಬ್ರೇಕು, ಅದೂ ಹಿಂದಿನ ಚಕ್ರಕ್ಕೆ. ಬೆಟ್ಟದ ಸೈಕಲ್ಲುಗಳೆಲ್ಲ ೨೭.೫ಕ್ಕೂ ೨೯ಕ್ಕೂ ಬೆಳೆದುಹೋದರೂ ಇದು ಹಳೆಯ ೨೬ನ್ನು ಬಿಡಲಿಲ್ಲ. ಸಣ್ಣ ಚಕ್ರ ಗಟ್ಟಿ, ಗಾಳಿಯಲ್ಲಿ ತಿರುಗಿಸಲು ಹಗುರ. ಜೀಕುವುದಷ್ಟೇ ಸಾಕೆನ್ನುವವನಿಗೆ ೨೦ ಅಂಗುಲದ ಬಿ.ಎಂ.ಎಕ್ಸ್. ಕಡಿಮೆ ಬೆಲೆಯಲ್ಲಿ ಒದಗುತ್ತದೆ. ನನ್ನಂಥ ಉದ್ದಕಾಲಿನವನು ಅದರ ಮೇಲೆ ಕುಳಿತರೆ ಮಿಡತೆಯಂತೆ ಕಾಣುವುದು ಬೇರೆ ಮಾತು.

ಮದುವೆ ಮನೆಗಳಲ್ಲಿ ಬಡಿಸಿ ಕೂಡಿಟ್ಟ ಹಣದಲ್ಲಿ ಇದನ್ನು ಕೊಳ್ಳುವೆನೆಂದು ಚಿತ್ರ ತೋರಿಸಿದಾಗ, ಇಪ್ಪತ್ತು ವರ್ಷ ಸೈಕಲ್ಲಿನ ಮೇಲೆಯೇ ಹಾಲಿನ ಕ್ಯಾನು ಹೊತ್ತ ನಮ್ಮಪ್ಪ, “ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲೂ ಇಲ್ಲ. ಇಲ್ಲದ್ದಕ್ಕ ಇಷ್ಟು ರೊಕ್ಕಾನೋ ತಮ್ಮಾ?” ಎಂದರು. ಪ್ರಶ್ನೆ ನ್ಯಾಯವಾದದ್ದೇ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ನಮ್ಮ ಮನೆಗೆ ಮೊದಲಿಗ. ನಾನು ಕೊಳ್ಳುವ ಪ್ರತಿಯೊಂದು ವಸ್ತುವೂ ಏನನ್ನಾದರೂ ಹೊತ್ತು ತರಬೇಕೆಂದು ಮನೆಯವರು ಬಯಸುವುದು ಸಹಜ. ಆದರೆ ಏನನ್ನೂ ಹೊರದ ವಸ್ತುವೊಂದು ಬಡವನ ಮಗನಿಗೂ ಇರಬಹುದೆಂದು ನಾನು ವಾದಿಸುತ್ತೇನೆ. ಅಪ್ಪ ಒಪ್ಪಿಲ್ಲ, ಬೇಡವೆಂದೂ ಅಂದಿಲ್ಲ.

ಹೊಸದರ ಬೆಲೆ ಲಕ್ಷ ದಾಟುವುದುಂಟು. ಹಾಗಾಗಿ ನನ್ನ ಕಣ್ಣೆಲ್ಲ ಹಳೆಯದರ ಮೇಲೆ. ಅದರಲ್ಲಿಯೂ ಅಲ್ಯುಮಿನಿಯಮ್ಮಿಗಿಂತ ಕ್ರೋಮೊಲಿ ಉಕ್ಕಿನದು ಮೇಲು; ತೂಕ ಹೆಚ್ಚಾದರೂ ಉಕ್ಕು ಬಹುಮಟ್ಟಿಗೆ ಮುರಿಯುವ ಮುನ್ನ ಬಾಗಿ ಎಚ್ಚರಿಸುತ್ತದೆ. ಬೆಸುಗೆಯ ಬಳಿ ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಕಂಡರೂ ಬಿಟ್ಟು ಬರಬೇಕು. ಹೆಲ್ಮೆಟ್ಟು ಮಾತ್ರ ಹೊಸದೇ ಆಗಬೇಕು, ಅದರ ಹಣವನ್ನು ಮೊದಲೇ ತೆಗೆದಿಡಬೇಕು.

ಉಳಿದದ್ದು ಜಾಗ. ಕಾಲೇಜಿನ ಮೈದಾನದ ಆಚೆ ಜಾಲಿ ಬೆಳೆದ ಮೂಲೆಯೊಂದು ಬಿದ್ದಿದೆ. ಅಲ್ಲಿಯದು ಎರೆಮಣ್ಣು, ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಚಕ್ರಕ್ಕೆ ಮೆತ್ತುತ್ತದೆ. ಮೇಲೆ ಎರಡು ಟ್ರ್ಯಾಕ್ಟರ್ ಗರಸು ಹಾಕಿ ನೀರು ಹೊಡೆದು ದಮ್ಮಸು ಮಾಡಿದರೆ ದಿಬ್ಬ ನಿಲ್ಲುತ್ತದೆ. ಗುದ್ದಲಿ, ಬುಟ್ಟಿ, ಆಳು ನಮ್ಮವೇ. ಅಪ್ಪಣೆಯೊಂದನ್ನು ಪ್ರಾಂಶುಪಾಲರಲ್ಲಿ ಈ ಮೂಲಕ ಬೇಡುತ್ತೇನೆ.